ನಮೂನೆಯ ಹಾಳೆಯಿಂದ ಎದ್ದು ಬಂದ ಟಾಮಿ

ನಮ್ಮ ಊರುಗಳಲ್ಲಿ ಟಾಮಿ ಎಂದು ಕೂಗಿದರೆ ನಾಯಿ ಬಾಲ ಅಲ್ಲಾಡಿಸುತ್ತ ಬರುತ್ತದೆ. ಬ್ರಿಟನ್ನಿನಲ್ಲಿ ಅದು ಸಾಮಾನ್ಯ ಸಿಪಾಯಿಯ ಅಡ್ಡಹೆಸರಾಗಿತ್ತು. ಬಿಳಿ ಸೋಲ್ಜರುಗಳ ಮೇಲಿನ ಸಿಟ್ಟಿಗೆ ನಮ್ಮವರು ನಾಯಿಗೆ ಆ ಹೆಸರಿಟ್ಟರು ಎಂಬ ಮಾತಿದೆ. ಕೇಳಲು ಖುಷಿಯೇ, ಪುರಾವೆ ಮಾತ್ರ ಕೇಳಬಾರದು.

ಪೂರ್ತಿ ಹೆಸರು ಟಾಮಿ ಅಟ್ಕಿನ್ಸ್. ಹೆಚ್ಚು ಓಡಾಡುವ ಕಥೆ ಹೀಗಿದೆ: 1794ರಲ್ಲಿ ನೆದರ್ಲೆಂಡ್ಸ್‌ನ ಬಾಕ್ಸ್‌ಟೆಲ್‌ನಲ್ಲಿ ಗಾಯಗೊಂಡು ಬಿದ್ದಿದ್ದ ಆ ಹೆಸರಿನ ಸಿಪಾಯಿ, ಇದೆಲ್ಲ ಕೆಲಸದಲ್ಲಿ ಇದ್ದದ್ದೇ ಎಂದು ಹೇಳಿ ಪ್ರಾಣ ಬಿಟ್ಟ. ಅದನ್ನು ಕಂಡ ಬ್ರಿಟಿಷ್ ಸೇನಾನಿ ವೆಲ್ಲಿಂಗ್ಟನ್ 1843ರಲ್ಲಿ ನೆನಪು ಮಾಡಿಕೊಂಡು, ಸೈನ್ಯದ ಕಾಗದಗಳಲ್ಲಿ ಸಿಪಾಯಿಯ ಮಾದರಿ ಹೆಸರಾಗಿ ಅದನ್ನು ಸೂಚಿಸಿದ. ಕಣ್ಣು ತೇವವಾಗುವ ಕಥೆ. ಆದರೆ 1815ರ ಕಾಗದಪತ್ರಗಳಲ್ಲೇ ಹೆಸರು ಇದೆಯಲ್ಲ!

ಆ ಕಾಗದಗಳೇ ನಿಜವಾದ ಸ್ವಾರಸ್ಯ. ಪ್ರತಿ ಸಿಪಾಯಿಗೂ ಸಂಬಳ, ಬಾಕಿಗಳ ಲೆಕ್ಕದ ಪುಸ್ತಕವಿತ್ತು. ಅದನ್ನು ತುಂಬುವುದು ಹೇಗೆಂದು ತೋರಿಸಲು ಲಂಡನ್ನಿನ ಯುದ್ಧ ಇಲಾಖೆ ಮಾದರಿಯಾಗಿ 'ಥಾಮಸ್ ಅಟ್ಕಿನ್ಸ್' ಎಂದು ಅಚ್ಚು ಹಾಕಿಸಿತು. ನಮ್ಮ ಅರ್ಜಿಗಳಲ್ಲಿ 'ರಾಮಪ್ಪ ಬಿನ್ ಭೀಮಪ್ಪ' ಬರುವುದಿಲ್ಲವೇ, ಹಾಗೆ. ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು. ನಮ್ಮ ಹೆಬ್ಬೆಟ್ಟಿನ ಅಣ್ಣತಮ್ಮ ಎನ್ನಿ. ಸಿಪಾಯಿಗೆ ಓದುಬರಹ ಬಾರದು ಎಂದು ಸರ್ಕಾರ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಅವನ ಹೆಸರನ್ನೂ ತಾನೇ ಬರೆದಿಟ್ಟಿತ್ತು.

ನಂತರದ ಎಪ್ಪತ್ತೈದು ವರ್ಷ ಹೆಸರು ಬ್ಯಾರಕ್ಕುಗಳಲ್ಲಿ ಸವೆದು 'ಟಾಮಿ' ಆಯಿತು. 1890ರಲ್ಲಿ ಇಂಗ್ಲಿಷ್ ಕವಿ ಕಿಪ್ಲಿಂಗ್ ಅದನ್ನೇ ಪದ್ಯದ ತಲೆಬರಹ ಮಾಡಿದ: ಶಾಂತಿಕಾಲದಲ್ಲಿ ಹೆಂಡದಂಗಡಿಯವನು ಕೆಂಪುಕೋಟಿನವರಿಗೆ ಇಲ್ಲಿ ಕೊಡುವುದಿಲ್ಲ ಎಂದು ಅಟ್ಟುತ್ತಾನೆ, ಗುಂಡು ಹಾರತೊಡಗಿದರೆ ಅದೇ ಸಿಪಾಯಿಗೆ ಎಲ್ಲಿಲ್ಲದ ಮರ್ಯಾದೆ. ಇಂಥ ಮರ್ಯಾದೆಯ ಗುಟ್ಟು ಯಾವ ದೇಶದ ಸಿಪಾಯಿಗೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಮಹಾಯುದ್ಧದಲ್ಲಿ ಎದುರು ಕಂದಕದ ಜರ್ಮನ್ನರೂ 'ಟಾಮಿ' ಎಂದೇ ಕೂಗುತ್ತಿದ್ದರು. ಆಮೇಲೆ ಮಾತು ಹಳತಾಯಿತು. ಈಗಿನ ಬ್ರಿಟಿಷ್ ಸಿಪಾಯಿ 'ಸ್ಕ್ವಾಡಿ'. ಆ ಯುದ್ಧದ ಕಂದಕಗಳಲ್ಲಿ ಹೋರಾಡಿ ಬದುಕುಳಿದವರಲ್ಲಿ ಕೊನೆಯವನು 2009ರಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡ. ನಲ್ಲಿ ಕೆಲಸ ಕಲಿಯುತ್ತಿದ್ದಾಗ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಲ್ಪಟ್ಟವನು, ನೂರು ವರ್ಷ ತುಂಬುವವರೆಗೆ ಯುದ್ಧದ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಪತ್ರಿಕೆಗಳು ಅವನನ್ನು 'ಕೊನೆಯ ಟಾಮಿ' ಎಂದವು. ಅವನ ಹೆಸರು ಹ್ಯಾರಿ ಪ್ಯಾಚ್.