ಕೋಡ್ ಎಲ್ಲರಿಗೂ ಕಾಣುತ್ತದಲ್ಲ, ವರ್ಡ್‌ಪ್ರೆಸ್ ಸೈಟ್ ಸುರಕ್ಷಿತವೇ?

ಪ್ರಶ್ನೆ: ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಕಲಿಯಲು ಶುರು ಮಾಡಿದ್ದೇನೆ. ಅದು ಓಪನ್ ಸೋರ್ಸ್, ಕೋಡ್ ಎಲ್ಲರಿಗೂ ಸಿಗುತ್ತದೆ ಎನ್ನುತ್ತಾರೆ. ಹಾಗಾದರೆ ನನ್ನ ಸೈಟನ್ನು ಯಾರು ಬೇಕಾದರೂ ಹ್ಯಾಕ್ ಮಾಡಬಹುದಲ್ಲವೇ?

ಉತ್ತರ: ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ವರ್ಡ್‌ಪ್ರೆಸ್‌ನ ಕೋಡ್ ಬೇರೆ, ನಿಮ್ಮ ಸೈಟ್ ಬೇರೆ. ಎಲ್ಲರಿಗೂ ಕಾಣುವುದು ಮೊದಲನೆಯದು ಮಾತ್ರ. ನಿಮ್ಮ ಡೇಟಾಬೇಸಿನ ಪಾಸ್‌ವರ್ಡ್, ಲಾಗಿನ್ ಕಾಯುವ ರಹಸ್ಯ ಕೀಗಳು ಇರುವುದು ನಿಮ್ಮ ಸರ್ವರ್‌ನಲ್ಲಿರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ. ಅವು ಸೈಟಿನಿಂದ ಸೈಟಿಗೆ ಬೇರೆ. ನೀವು ಟೈಪ್ ಮಾಡುವ ಪಾಸ್‌ವರ್ಡ್ ಕೂಡ ಡೇಟಾಬೇಸಿನಲ್ಲಿ ಇದ್ದ ಹಾಗೆಯೇ ಉಳಿಯುವುದಿಲ್ಲ, ಹ್ಯಾಶ್ ಆಗಿ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿ ಕೂರುತ್ತದೆ. ಕೋಡನ್ನು ಬಾಯಿಪಾಠ ಮಾಡಿದವನಿಗೂ ಇವು ಸಿಗುವುದಿಲ್ಲ. ಅಮೆರಿಕದ ಶ್ವೇತಭವನದ ಸೈಟ್ 2009ರಲ್ಲಿ ಡ್ರೂಪಲ್ ಎಂಬ ಇಂಥದೇ ಇನ್ನೊಂದು ಸಾಫ್ಟ್‌ವೇರ್‌ಗೆ, 2017ರ ಕೊನೆಗೆ ವರ್ಡ್‌ಪ್ರೆಸ್‌ಗೆ ಬಂತು. ಎರಡೂ ಓಪನ್ ಸೋರ್ಸ್!

ಕೋಡ್ ತೆರೆದಿದ್ದರೆ ದೋಷ ಕಂಡವರು ತಿಳಿಸುತ್ತಾರೆ, ತಿದ್ದುಪಡಿ ಬರುತ್ತದೆ. ಆ ತಿದ್ದುಪಡಿಯನ್ನು ಕಳ್ಳರೂ ಓದುತ್ತಾರೆ ಎಂಬುದು ನಿಜ. ಓದಿ, ಅದನ್ನಿನ್ನೂ ಹಾಕಿಕೊಳ್ಳದ ಸೈಟ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅಪಾಯ ಇರುವುದು ಅಲ್ಲಿ. 2013ರ 3.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತನ್ನ ಸುರಕ್ಷತೆಯ ಸಣ್ಣ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್‌ಗಳ, ಅಂದರೆ ಸೈಟಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳ ಮೇಲೆ ಕಣ್ಣಿಡಬೇಕಾದವರು ನೀವು. ದುಡ್ಡಿನ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಪುಕ್ಕಟೆ ಸಿಕ್ಕಿತೆಂದು ಯಾರೋ ಕಳಿಸಿದ ಜಿಪ್ ಫೈಲ್ ಹಾಕಿಕೊಳ್ಳಬೇಡಿ, ದಯವಿಟ್ಟು. ಅದರೊಳಗೆ ಹಿಂಬಾಗಿಲು ಇಟ್ಟೇ ಹಂಚುವವರಿದ್ದಾರೆ.

ಕಲಿಯುತ್ತಿದ್ದೇನೆ ಎಂದಿರಲ್ಲ, ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಯೂನಿಕೋಡ್‌ನ ಒಂದೊಂದು ಕನ್ನಡ ಸಂಕೇತ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಒಂದು ಶೇಕಡಾ ಚಿಹ್ನೆ (%), ಎರಡು ಅಕ್ಷರಗಳಾಗುವುದರಿಂದ ಅದು 9 ಸ್ಥಾನ ತಿನ್ನುತ್ತದೆ. ಸ್ವರಚಿಹ್ನೆ, ಒತ್ತಕ್ಷರದ ಹಲಂತವೂ ಲೆಕ್ಕಕ್ಕೆ ಬರುತ್ತವೆ. ‘ಕ್ಷೇತ್ರ’ ಎಂಬ ಪದದಲ್ಲಿ 7 ಸಂಕೇತ, ಅಂದರೆ 63 ಸ್ಥಾನ. ವಿಳಾಸದ ಈ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವುದು ಒಟ್ಟು 200 ಸ್ಥಾನ. ಹಾಗಾಗಿ ಉದ್ದ ಶೀರ್ಷಿಕೆಯ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ವಾಟ್ಸಾಪಿನಲ್ಲಿ ಹಂಚಿದರೆ ಎಷ್ಟೋ ಸಲ ಬರೀ ಶೇಕಡಾ ಚಿಹ್ನೆಗಳ ಸಾಲು ಕಾಣುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಪ್ರಕಟಿಸುವ ಮೊದಲು ‘ಸ್ಲಗ್’ (ವಿಳಾಸದ ಈ ಭಾಗದ ಹೆಸರು) ಎಂಬಲ್ಲಿ ಮಾತ್ರ ಎರಡು ಮೂರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.