ಪಚ್ಚಿಲೆಯ ವಿಷ: ತಿಂಗಳು ನೋಡಿ ಹೇಳಲಾಗದ ಲೆಕ್ಕ

ಪಚ್ಚಿಲೆ, ಸಿಂಪಿ, ಕಪ್ಪೆಚಿಪ್ಪಿನಂಥ ಚಿಪ್ಪುಜೀವಿಗಳನ್ನು ಸಾಕುವ ಕೊಲ್ಲಿಗಳಲ್ಲಿ ವರ್ಷಕ್ಕೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಯ್ಲು ನಿಲ್ಲಿಸುವುದು ಈಗ ಹಲವು ದೇಶಗಳಲ್ಲಿ ಮಾಮೂಲು. ಯಾಕೆ ಎಂದು ಕೇಳಿದರೆ ಗೊಂದಲವೇ ಹೆಚ್ಚು. ನೀರು ಕೆಂಪಾದಾಗ ವಿಷ ಎನ್ನುತ್ತಾರೆ, ತಿಳಿನೀರಿನಲ್ಲೂ ನಿಷೇಧ ಬರುತ್ತದೆ. ಬೇಸಿಗೆಯ ಕಾಟ ಎನ್ನುತ್ತಾರೆ, ಡಿಸೆಂಬರಿನಲ್ಲೂ ಜನ ಸತ್ತಿದ್ದಾರೆ. ಪಕ್ಕದ ಕೊಲ್ಲಿಯಲ್ಲಿ ಮಾರಾಟ ನಡೆಯುತ್ತಿರುವಾಗಲೇ ಇಲ್ಲಿ ಬೀಗ ಬೀಳುತ್ತದೆ.

ವಿಷ ಪಚ್ಚಿಲೆಯ ಮೈಯಲ್ಲಿ ಹುಟ್ಟುವುದಲ್ಲ. ಅದು ಗಂಟೆಗೆ ಲೀಟರುಗಟ್ಟಲೆ ನೀರನ್ನು ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ತಿಂದು ಬದುಕುತ್ತದೆ. ಆ ಪಾಚಿಗಳಲ್ಲಿ ಕೆಲವು ಜಾತಿಗಳು ಮಾತ್ರ ವಿಷ ತಯಾರಿಸುತ್ತವೆ. ಪಚ್ಚಿಲೆಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ತಿಂದ ಮನುಷ್ಯನಿಗೆ ಆಗುತ್ತದೆ. ಬೇಯಿಸಿದರೂ, ಫ್ರೀಜ್ ಮಾಡಿದರೂ ಅದು ಹೋಗುವುದಿಲ್ಲ. ರುಚಿ, ವಾಸನೆ, ಬಣ್ಣ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಕರಾವಳಿಯ ಜನರಿಗೆ ಇದು ಹಳೆಯ ಸಂಗತಿ. 1793ರ ಜೂನ್‌ನಲ್ಲಿ ಉತ್ತರ ಅಮೆರಿಕದ ಪಶ್ಚಿಮ ತೀರ ಅಳೆಯುತ್ತಿದ್ದ ಜಾರ್ಜ್ ವ್ಯಾಂಕೂವರ್ ತಂಡದ ನಾವಿಕನೊಬ್ಬ ಪಚ್ಚಿಲೆ ತಿಂದು ಕೆಲವೇ ಗಂಟೆಗಳಲ್ಲಿ ಸತ್ತ. ಆ ಜಾಗಕ್ಕೆ ಪಾಯ್ಸನ್ ಕೋವ್ ಎಂಬ ಹೆಸರೇ ನಿಂತಿತು. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 102 ಮಂದಿ ಅಸ್ವಸ್ಥರಾಗಿ 6 ಮಂದಿ ತೀರಿಕೊಂಡರು. 1937ರಲ್ಲಿ ಸೊಮರ್ ಮತ್ತು ಮೇಯರ್ ಎಂಬ ಸಂಶೋಧಕರು ಈ ವಿಷಕ್ಕೂ ಡೈನೊಫ್ಲಾಜೆಲೇಟ್ ಎಂಬ ಗುಂಪಿನ ಒಂದು ಸೂಕ್ಷ್ಮ ಪಾಚಿಗೂ ಇರುವ ನಂಟನ್ನು ತೋರಿಸಿದರು, ಅಳೆಯುವ ದಾರಿಯನ್ನೂ ಕೊಟ್ಟರು: ಪಚ್ಚಿಲೆಯ ಸಾರವನ್ನು ಇಲಿಗೆ ಚುಚ್ಚಿ, ಅದು ಎಷ್ಟು ನಿಮಿಷದಲ್ಲಿ ಸಾಯುತ್ತದೆ ಎಂದು ನೋಡುವುದು. ಹಲವು ದಶಕ ಜಗತ್ತು ನಂಬಿದ್ದು ಆ ಇಲಿಯನ್ನೇ.

ಋತುವಿನ ಲೆಕ್ಕವೂ ಆ ಕಾಲದ್ದೇ. ಪಾರ್ಶ್ವವಾಯು ತರುವ ಸ್ಯಾಕ್ಸಿಟಾಕ್ಸಿನ್ ವಿಷದ ಅಲೆಕ್ಸಾಂಡ್ರಿಯಂ ಪಾಚಿ ಚಳಿಗಾಲವನ್ನು ಕಡಲ ತಳದ ಕೆಸರಿನಲ್ಲಿ ಗಟ್ಟಿ ಕವಚದ ಕೋಶವಾಗಿ ಕಳೆದು, ನೀರು ಬೆಚ್ಚಗಾಗಿ ಬೆಳಕು ಹೆಚ್ಚಿದಾಗ ಮೊಳೆಯುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಬಂಡೆಯಿಂದ ಪಚ್ಚಿಲೆ ಕಿತ್ತು ತಿನ್ನುವಂತಿಲ್ಲ ಎಂಬ ನಿಯಮ ಬಂತು, ಇವತ್ತಿಗೂ ಇದೆ. ಸಾಕಣೆಯ ಪಚ್ಚಿಲೆಗೆ ಮಾತ್ರ ತಿಂಗಳ ಲೆಕ್ಕವಿಲ್ಲ, ಪರೀಕ್ಷೆಯ ಲೆಕ್ಕ. ಆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿದದ್ದು 1987ರಲ್ಲಿ.

ಆ ವರ್ಷದ ನವೆಂಬರ್ ಕೊನೆಗೆ ಕೆನಡಾದ ಆಸ್ಪತ್ರೆಗಳಿಗೆ ವಿಚಿತ್ರ ರೋಗಿಗಳು ಬರತೊಡಗಿದರು. ಮೊದಲು ವಾಂತಿ, ಹೊಟ್ಟೆನೋವು. ಆಮೇಲೆ ಗಲಿಬಿಲಿ, ಕೆಲವರಿಗೆ ಅಪಸ್ಮಾರ. ಚೇತರಿಸಿಕೊಂಡ ಕೆಲವರಿಗೆ ಹಳೆಯದೆಲ್ಲ ನೆನಪಿತ್ತು, ಹೊಸದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಮೂವರು ಸತ್ತರು. ಎಲ್ಲರೂ ತಿಂದದ್ದು ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಾಕಣೆ ಪಚ್ಚಿಲೆ.

ಆ ಪಚ್ಚಿಲೆಯ ಸಾರ ಚುಚ್ಚಿದಾಗ ಇಲಿಗಳು ಸತ್ತವು, ಆದರೆ ಸಾಯುವ ಮೊದಲು ಹಿಂಗಾಲಿನಿಂದ ಒಂದೇ ಸಮನೆ ಭುಜ ಕೆರೆದುಕೊಂಡವು. ಸ್ಯಾಕ್ಸಿಟಾಕ್ಸಿನ್ ತಗಲಿದ ಇಲಿ ಹಾಗೆ ಮಾಡುವುದಿಲ್ಲ. ಹ್ಯಾಲಿಫ್ಯಾಕ್ಸ್‌ನ ರಸಾಯನ ವಿಜ್ಞಾನಿಗಳು ಸಾರವನ್ನು ಭಾಗ ಮಾಡುತ್ತ, ಯಾವ ಭಾಗಕ್ಕೆ ಇಲಿ ಹೀಗೆ ಕೆರೆದುಕೊಳ್ಳುತ್ತದೆಯೋ ಅದನ್ನೇ ಹಿಡಿದು ಮುಂದುವರಿದರು. ಹಗಲಿರುಳು ದುಡಿದು ಐದೇ ದಿನದೊಳಗೆ ಹೆಸರು ಹೇಳಿದರು: ಡೊಮೊಯಿಕ್ ಆಮ್ಲ. ಜಪಾನಿನ ಒಂದು ಕೆಂಪು ಕಡಲಕಳೆಯಲ್ಲಿ ಮೊದಲೇ ಕಂಡಿದ್ದ ವಸ್ತು ಅದು. ಹೊಟ್ಟೆಹುಳುವಿಗೆ ಮದ್ದಾಗಿಯೂ ಬಳಕೆಯಾಗಿತ್ತು. ಆದರೆ ಪಚ್ಚಿಲೆಯ ಜೀರ್ಣಗ್ರಂಥಿ ಬಿಡಿಸಿದರೆ ಸಿಕ್ಕಿದ್ದು ಕಡಲಕಳೆಯಲ್ಲ, ಹಸಿರಾಗಿ ತುಂಬಿಕೊಂಡ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಯಾವ ಕೆಡುಕೂ ಮಾಡದವು ಎಂದು ಎಲ್ಲರೂ ನಂಬಿದ್ದ ಗುಂಪು ಅದು. ಅದೂ ಸುಗ್ಗಿ ಮಾಡಿದ್ದು ಚಳಿಗಾಲದ ಬಾಗಿಲಲ್ಲಿ. ಹಳೆಯ ತಿಂಗಳ ಪಟ್ಟಿ ಹಿಡಿದು ಕೂತವರು ಅದನ್ನು ಕಾಣುವ ಸಾಧ್ಯತೆಯೇ ಇರಲಿಲ್ಲ.

ಉಳಿದ ವಿಷಗಳ ಕಥೆಯೂ ಇದೇ ಜಾಡಿನದು: ಮೊದಲು ಜನ ಬೀಳುತ್ತಾರೆ, ಆಮೇಲೆ ಹೆಸರು ಸಿಗುತ್ತದೆ. 1976ರಲ್ಲಿ ಜಪಾನಿನಲ್ಲಿ ಭೇದಿ ತರುವ ವಿಷ ಹೀಗೇ ಪತ್ತೆಯಾಗಿತ್ತು. 1995ರಲ್ಲಿ ಐರ್ಲೆಂಡಿನ ಕಿಲ್ಲರಿ ಕೊಲ್ಲಿಯ ಪಚ್ಚಿಲೆ ತಿಂದು ನೆದರ್ಲೆಂಡ್ಸ್‌ನಲ್ಲಿ ಜನ ಅಸ್ವಸ್ಥರಾದಾಗ ಲಕ್ಷಣ ಭೇದಿವಿಷದ್ದು, ಆದರೆ ವಿಷ ಬೇರೆ. ಅದಕ್ಕೆ ಅಜಾಸ್ಪಿರಾಸಿಡ್ ಎಂದು ಹೆಸರಾಯಿತು. ತಯಾರಿಸುವ ಪಾಚಿಯನ್ನು ವಿವರಿಸುವ ಹೊತ್ತಿಗೆ 2009. 2012ರಲ್ಲಿ ಟಾಸ್ಮೇನಿಯಾದ ಪೂರ್ವ ತೀರದ ಪಚ್ಚಿಲೆಯಲ್ಲಿ ಪಾರ್ಶ್ವವಾಯು ವಿಷ ಇದ್ದದ್ದು ಗೊತ್ತಾದದ್ದು ಅದು ಜಪಾನ್ ತಲುಪಿದ ಮೇಲೆ.

ಇಷ್ಟಾದ ಮೇಲೂ ಕಷ್ಟದ ಭಾಗ ಉಳಿದೇ ಇದೆ. ಪಾಚಿ ಹೋದ ದಿನವೇ ವಿಷ ಹೋಗುವುದಿಲ್ಲ. ಪಾರ್ಶ್ವವಾಯು ವಿಷವನ್ನು ಪಚ್ಚಿಲೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೊರಹಾಕುತ್ತದೆ, ಅದೇ ವಿಷವನ್ನು ಬಟರ್ ಕ್ಲ್ಯಾಮ್ ಎಂಬ ಕಪ್ಪೆಚಿಪ್ಪು ಎರಡು ವರ್ಷದವರೆಗೂ ಹಿಡಿದಿಟ್ಟುಕೊಳ್ಳಬಲ್ಲದು. ಒಂದೇ ಕೊಲ್ಲಿಯಲ್ಲಿ ಒಂದಕ್ಕೆ ಪರವಾನಗಿ, ಇನ್ನೊಂದಕ್ಕೆ ನಿಷೇಧ ಎಂದರೆ ಅದು ಅಧಿಕಾರಿಗಳ ಮನಸೋಇಚ್ಛೆ ಅಲ್ಲ. ಸ್ಪೇನಿನ ಗಲಿಸಿಯಾದಲ್ಲಿ ಶರತ್ಕಾಲದಲ್ಲಿ ಗಾಳಿಯ ದಿಕ್ಕು ತಿರುಗಿದರೆ ಸಾಕು, ಭೇದಿವಿಷ ತಯಾರಿಸುವ ಹೊರಗಡಲಿನ ಡೈನೊಫೈಸಿಸ್ ಪಾಚಿ ಕೊಲ್ಲಿಯೊಳಗೆ ತೇಲಿ ಬರುತ್ತದೆ. ತೆಪ್ಪದಡಿ ಹಗ್ಗಗಳಲ್ಲಿ ತೂಗುವ ಪಚ್ಚಿಲೆಗಳನ್ನು ಬೆಳೆಗಾರ ತೊಳೆದು ಶುದ್ಧ ಮಾಡಲಾರ, ಕಾಯಬಹುದು ಅಷ್ಟೇ. ತೂಕ ಹೆಚ್ಚಾದ ಗೊಂಚಲು ಬಿರುಗಾಳಿಗೆ ಕಳಚಿ ಬಿದ್ದರೆ ನಷ್ಟ ಅವನದು. ಯಾವ ತಪ್ಪನ್ನೂ ಮಾಡದವನ ತಲೆಗೆ ಇಡೀ ಹೊರೆ ಬೀಳುವ ಈ ವ್ಯವಸ್ಥೆ ಮರುಯೋಚನೆಗೆ ಅರ್ಹ.

ಇಲಿಯ ಜಾಗಕ್ಕೆ ಈಗ ಯುರೋಪಿನಲ್ಲಿ ಯಂತ್ರಗಳು ಬಂದಿವೆ. ಭೇದಿವಿಷದಂಥ, ಕೊಬ್ಬಿನಲ್ಲಿ ಕರಗುವ ವಿಷಗಳಿಗೆ 2011ರಲ್ಲಿ ಅಲ್ಲಿ ರಾಸಾಯನಿಕ ವಿಶ್ಲೇಷಣೆಯೇ ಅಧಿಕೃತ ವಿಧಾನವಾಯಿತು. ಉಪಗ್ರಹಗಳೂ ಕಡಲಿನ ಹಸಿರನ್ನು ನೋಡುತ್ತಿವೆ. ಆದರೆ ಉಪಗ್ರಹಕ್ಕೆ ಕಾಣುವುದು ಪಾಚಿಯ ಬಣ್ಣ, ವಿಷವಲ್ಲ. ಲೀಟರಿಗೆ ಕೆಲವೇ ನೂರು ಡೈನೊಫೈಸಿಸ್ ಕೋಶಗಳಿದ್ದರೂ ಪಚ್ಚಿಲೆ ಮಿತಿ ದಾಟಬಲ್ಲದು, ಅಷ್ಟಕ್ಕೆ ನೀರಿನ ಬಣ್ಣ ಬದಲಾಗುವುದಿಲ್ಲ. ಹಾಗಾಗಿ ಹಲವು ವರ್ಷ ಏನೂ ಆಗದ ಕೊಲ್ಲಿಯಲ್ಲೂ ವಾರಕ್ಕೊಮ್ಮೆ ಯಾರಾದರೂ ದೋಣಿಯಲ್ಲಿ ಹೋಗಿ, ಹಗ್ಗ ಎತ್ತಿ, ಒಂದು ಚೀಲ ಪಚ್ಚಿಲೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಉಳಿತಾಯದ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವುದೂ ಅಂಥ ಕೊಲ್ಲಿಯ ಮಾದರಿಯ ಖರ್ಚೇ.