ಲಗ್ನಪತ್ರಿಕೆ ಹಂಚಿದ ಮೇಲೂ 'ವಿಲ್' ಯಾಕೆ?

ತುಮಕೂರಿನ ನನ್ನ ಸ್ಪೋಕನ್ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಡಿಪ್ಲೊಮಾನೋ ಡಿಗ್ರಿನೋ ಮುಗಿಸಿ, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಇಂಟರ್‌ವ್ಯೂಗೆ ಹೊರಟವರು. ನಾಳೆಯ ಮಾತು ಬಂದರೆ ಎಲ್ಲರ ಬಾಯಲ್ಲೂ 'ವಿಲ್'. ತಪ್ಪು ಅವರದಲ್ಲ. ಭವಿಷ್ಯತ್ ಕಾಲ ಅಂದರೆ 'ವಿಲ್, ಶಲ್' ಅಂತ ಬರೆಸಿ ಶಾಲೆಯಲ್ಲೇ ಮುಗಿಸಿಬಿಟ್ಟಿರುತ್ತೇವೆ. ಆದರೆ ನಾಳೆಯ ಮಾತಿಗೆ ಇಂಗ್ಲಿಷ್ ವರ್ತಮಾನದ ರೂಪಗಳನ್ನೂ ಧಾರಾಳವಾಗಿ ಬಳಸುತ್ತದೆ. ನಾವೂ ಅಷ್ಟೇ ಅಲ್ವಾ? 'ದಿನಾ ಹೋಗ್ತೀನಿ', 'ನಾಳೆ ಹೋಗ್ತೀನಿ', ಎರಡಕ್ಕೂ ಒಂದೇ ಕ್ರಿಯಾಪದ.

ಹಾಗಾಗಿ ನಾನು ಮೊದಲು ಕೇಳುವುದು, ಈ ವಿಷಯ ಯಾವಾಗ ತೀರ್ಮಾನ ಆಯ್ತು ಅಂತ.

ಮೊನ್ನೆ ಒಬ್ಬಳು ಹುಡುಗಿ 'ಮೈ ಸಿಸ್ಟರ್ ವಿಲ್ ಮ್ಯಾರಿ ಆನ್ ಸಂಡೇ' ಅಂದಳು. ಛತ್ರ ಬುಕ್ ಆಗಿದೆಯಾ ಅಂತ ಕೇಳಿದೆ. "ಆಗಿದೆ ಮೇಡಂ, ಪತ್ರಿಕೆನೂ ಹಂಚಿದ್ದೀವಿ." ಹಾಗಿದ್ದರೆ 'ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರೀಡ್ ಆನ್ ಸಂಡೇ' ಅನ್ನು. ನಾಲ್ಕು ಜನರ ಜೊತೆ ಮಾತಾಗಿ ದಿನ ಗೊತ್ತಾದ ಕೆಲಸಕ್ಕೆ ಈ 'ಇಂಗ್' ರೂಪವೇ ಚೆಂದ. ಆಫರ್ ಲೆಟರ್ ಕೈಗೆ ಬಂದಿದ್ದರೆ 'ಐ ಆಮ್ ಜಾಯಿನಿಂಗ್ ಆನ್ ಮಂಡೇ'. 'ವಿಲ್' ಅಂದರೂ ಅರ್ಥವಾಗುತ್ತದೆ, ಆದರೆ ಈಗಷ್ಟೇ ಮನಸ್ಸು ಮಾಡಿದ ಹಾಗೆ ಕೇಳಿಸಬಹುದು.

ಇನ್ನೂ ಏನೂ ಗೊತ್ತುಮಾಡಿಲ್ಲ, 'ಮಾಡಬೇಕು ಅಂತಿದ್ದೀನಿ' ಅನ್ನುವಷ್ಟೇ ಇದ್ದರೆ 'ಗೋಯಿಂಗ್ ಟು'. ಲಕ್ಷಣ ಕಣ್ಣಿಗೆ ಕಂಡಾಗಲೂ ಅದೇ. ದೇವರಾಯನದುರ್ಗದ ಮೇಲೆ ಮೋಡ ಕವಿದಿದ್ದರೆ 'ಇಟ್ ಈಸ್ ಗೋಯಿಂಗ್ ಟು ರೇನ್'. 'ಇಟ್ ಈಸ್ ರೇನಿಂಗ್ ಟುಮಾರೋ' ಅನ್ನುವ ಹಾಗಿಲ್ಲ, ಮಳೆಗೆ ಯಾರೂ ದಿನ ನಿಗದಿ ಮಾಡಿರುವುದಿಲ್ಲ.

ರೈಲು, ಬಸ್ಸು, ಪರೀಕ್ಷೆಯ ವೇಳಾಪಟ್ಟಿಗೆ ಬರೀ ವರ್ತಮಾನ ಸಾಕು, 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್'.

'ವಿಲ್'ಗೂ ಅದರದೇ ಜಾಗ ಇದೆ. ಫೋನ್ ಬಡಿದುಕೊಂಡಾಗ 'ನಾನ್ ತಗೋತೀನಿ' ಅಂತ ಎದ್ದು ಹೋಗುತ್ತೀರಲ್ಲ, ಆಗ 'ಐಲ್ ಗೆಟ್ ಇಟ್'. ಮಾತು ಕೊಡುವಾಗ, ಅಂದಾಜು ಹೇಳುವಾಗಲೂ ಅದೇ.

ಇಂಟರ್‌ವ್ಯೂಗಳಲ್ಲಿ ಜಾಸ್ತಿ ಕೇಳಿಬರುವ ತಪ್ಪು ಇನ್ನೊಂದು, 'ವೆನ್ ಐ ವಿಲ್ ರೀಚ್, ಐ ವಿಲ್ ಕಾಲ್ ಯು'. 'ತಲುಪಿದ ಮೇಲೆ', 'ಮಳೆ ಬಂದರೆ' ಅನ್ನುವ ಅರ್ಥದ 'ವೆನ್', 'ಇಫ್' ಪಕ್ಕದಲ್ಲಿ 'ವಿಲ್' ಬೇಡ. 'ವೆನ್ ಐ ರೀಚ್', 'ಇಫ್ ಇಟ್ ರೇನ್ಸ್' ಅಷ್ಟೇ. 'ವೆನ್ ವಿಲ್ ಯು ರೀಚ್?' ಅಂತ ನೇರ ಪ್ರಶ್ನೆ ಕೇಳುವಾಗಲಾದರೆ ಧೈರ್ಯವಾಗಿ 'ವಿಲ್' ಹಾಕಿ.